ಅರ್ಧಕ್ಕೆ ನಿಂತ ನಡಿಗೆ

ಮೊನ್ನೆ ಶಿಕಾರಿಪುರದ ಪೇಟೆಯಲ್ಲಿ ಮಗಳಿಗೆ ಬಿಳಿ ಕ್ಯಾನ್ವಾಸ್ ಶೂ ಕೊಳ್ಳುತ್ತಿದ್ದೆ. ಡಬ್ಬಿ ತೆರೆದೊಡನೆ ಹೊಸ ರಬ್ಬರಿನ ವಾಸನೆ… ಪಕ್ಕದ ಮನೆಯ ಅಕ್ಕ ಕಣ್ಣಮುಂದೆ ಬಂದು ನಿಂತರು.

ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕಿಮೋ ಎಲ್ಲ ಮುಗಿದು, ಉದುರಿದ ಕೂದಲು ಮತ್ತೆ ಗುಂಗುರಾಗಿ ಹುಟ್ಟುತ್ತಿದ್ದ ಕಾಲ. ಬಡ ರೋಗಿಗಳ ಚಿಕಿತ್ಸೆಗೆ ದೇಣಿಗೆ ಕೂಡಿಸಲು ಸೊರಬದಲ್ಲಿ ನಡಿಗೆ ಏರ್ಪಡಿಸಿದ್ದರು. ಅಕ್ಕ ಹೊರಟೇ ಬಿಟ್ಟರು. ಅವರ ಯಜಮಾನರಿಗೆ ಅದು ಸರಿಬರಲಿಲ್ಲ.

"ಮಂದಿ ಎದುರಿಗೆ ಇಂಥ ಕಾಯ್ಲೆ ಅಂತ ಹೇಳ್ಕೊಂಡು ತಿರುಗ್ತೀಯೇನು?"

"ಕಾಯ್ಲೆ ಬಂದಿದ್ದು ನಂಗೆ. ನಾಚ್ಕೆ ನಿಮಗ್ಯಾಕ್ರೀ?"

ಯಜಮಾನರು ಬರಲಿಲ್ಲ, ಜೊತೆಗೆ ನಾನು ಹೋದೆ. ಇಳಕಲ್ ಸೀರೆಯ ಕೆಳಗೆ ಬಿಳಿ ಶೂ ಹಾಕಿಕೊಂಡು, ತಲೆಗೆ ಸೆರಗೂ ಹೊದೆಯದೆ, 'ನಾನು ಸ್ತನ ಕ್ಯಾನ್ಸರ್ ಗೆದ್ದವಳು' ಎಂಬ ಫಲಕ ಹಿಡಿದು ಅಕ್ಕ ಮುಂದಿನ ಸಾಲಿನಲ್ಲೇ ನಡೆದರು. ಬಸ್ ನಿಲ್ದಾಣದ ಎದುರು ಉಳವಿಯ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಓಡಿ ಬಂದು ಅವರ ಕೈ ಹಿಡಿದಳು.

"ಅಕ್ಕ, ನಂಗೂ ಎದೇಲಿ ಗಂಟೈತೆ… ಮನೇಲಿ ಯಾರಿಗೂ ಹೇಳಿಲ್ಲ."

ಅಕ್ಕ ಸಾಲಿನಿಂದ ಹೊರಬಂದರು. "ನಡಿ, ಈಗ್ಲೇ ತೋರಿಸ್ಕೊಂಡು ಬರಾಣ" ಎಂದು ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ತಡಮಾಡದೆ ಶಿವಮೊಗ್ಗಕ್ಕೆ ಹೋಗಿ ಎಂದರು. ಅವಳ ಗಂಡನಿಗೆ ಅಕ್ಕನೇ ಫೋನ್ ಮಾಡಿ, ಅವನು ಬರುವವರೆಗೂ ಅವಳ ಬೆನ್ನು ಸವರುತ್ತ ಕೂತಿದ್ದರು. ಹೊರಡುವಾಗ ಶಿಕಾರಿಪುರದ ನಮ್ಮ ಬೀದಿಯ ಗುರುತು ಹೇಳಿ, "ಗುಣ ಆದ್ಮೇಲೆ ಮನೆಗೆ ಬಾರವ್ವ" ಎಂದರು. ನಡಿಗೆ ಅಷ್ಟರಲ್ಲಿ ಮುಗಿದುಹೋಗಿತ್ತು.

ಆಮೇಲೆ ಅವಳ ಗಂಡನ ನಂಬರಿಗೆ ಎಷ್ಟು ಸಲ ಮಾಡಿದರೂ ಫೋನ್ ಹತ್ತಲಿಲ್ಲ. ಮರುವರ್ಷ ಅಕ್ಕನ ಕಾಯಿಲೆ ಮರುಕಳಿಸಿತು, ಈ ಸಲ ಶ್ವಾಸಕೋಶದಲ್ಲಿ. ಯಜಮಾನರೇ ಮಗುವಿಗೆ ಕುಡಿಸುವಂತೆ ಗಂಜಿ ಕುಡಿಸುತ್ತಿದ್ದರು. ಮಾತಾಡಿದರೆ ಅಕ್ಕನಿಗೆ ಏದುಸಿರು ಬರುತ್ತಿತ್ತು. ಆದರೂ ನಾನು ಹೋದಾಗಲೆಲ್ಲ ಅದೇ ಪ್ರಶ್ನೆ: "ಉಳವಿಯವ್ಳು ಏನಾದ್ಲೋ… ಏನಾದ್ರೂ ತಿಳೀತಾ?"

ಅಕ್ಕ ಹೋದರು. ಯಜಮಾನರು ದಾವಣಗೆರೆಯ ಮಗಳ ಮನೆ ಸೇರಿದರು.

ನಿನ್ನೆ ಮಧ್ಯಾಹ್ನ ಬೀಗ ಹಾಕಿದ ಅಕ್ಕನ ಮನೆ ಬಾಗಿಲ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಮೈತುಂಬಿಕೊಂಡಿದ್ದಳು, ನನಗೆ ಗುರುತೇ ಸಿಗಲಿಲ್ಲ.

"ಉಳವಿಯಿಂದ ಬಂದೆ. ಅಕ್ಕ ಎಲ್ಲಿಗೆ ಹೋಗಿದಾರೆ?"

ಹೇಳಿದೆ. ಅವಳು ಮೆಟ್ಟಿಲ ಮೇಲೆ ಕೂತಳು. ಮುಖವೆತ್ತಿ, "ನಾನು ಉಳ್ಕಂಡೆ ಅಂತ ಅವ್ರಿಗೆ ಗೊತ್ತಾಗಿತ್ತಾ?" ಎಂದಳು.

ಹೌದು ಎಂದುಬಿಡೋಣ ಅನಿಸಿತು… ಆಗಲಿಲ್ಲ.

"ಇಲ್ಲಮ್ಮ. ಕೇಳ್ತಾನೇ ಹೋದ್ರು."