ಒದ್ದೆಯಾದ ಹಾಸಿಗೆ

ದ್ರಾಕ್ಷಾಯಣಮ್ಮ ತಿಪಟೂರಿನ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ಮಕ್ಕಳ ವಾರ್ಡಿನ ನರ್ಸು. ಆಕೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾಯಂದಿರನ್ನು ವರಾಂಡದಲ್ಲೇ ಕೂರಿಸುತ್ತಿದ್ದರು. ಒಳಗೆ ಮಗು ಅಳುವುದು, ಹೊರಗೆ ತಾಯಿ ಅಳುವುದು. ಡಾಕ್ಟರ ಬೆನ್ನುಬಿದ್ದು, ಪ್ರತಿ ಮಂಚದ ಪಕ್ಕ ತಾಯಿಗೊಂದು ಸ್ಟೂಲು ಹಾಕಿಸಿದವಳು ಈಕೆಯೇ.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹುಳಿಯಾರು ಕಡೆಯ ಹಟ್ಟಿಯಿಂದ ವನಜಾ ಎಂಬಾಕೆ ತನ್ನ ಮೂರು ವರ್ಷದ ಮಗಳು ಮಂಜುಶ್ರೀಯನ್ನು ಹೊತ್ತು ಬಂದಳು. ಜೊತೆಗೆ ಅತ್ತೆ ಕ್ಯಾತಮ್ಮ. ಹಿಂದಿನ ದಿನದಿಂದ ಮಗುವಿಗೆ ವಾಂತಿಭೇದಿ. ಕಣ್ಣು ಗುಳಿಬಿದ್ದಿದ್ದವು, ನಾಲಿಗೆ ಒಣಗಿತ್ತು. ಸೂಜಿ ಚುಚ್ಚಿದರೂ ಮಗು ಅಳಲಿಲ್ಲ. ದ್ರಾಕ್ಷಾಯಣಮ್ಮನಿಗೆ ಹೆದರಿಕೆಯಾದದ್ದು ಅದಕ್ಕೇ.

ಡ್ರಿಪ್ ಏರಿದ ಮೇಲೆ ಮಧ್ಯಾಹ್ನಕ್ಕೆ ಮಗು ಕಣ್ಣು ಬಿಟ್ಟಿತು. ಆದರೆ ಸೂಜಿಯ ಸುತ್ತ ಕೈ ಊದಿಕೊಂಡಿತು. ಡಾಕ್ಟರು ಅದನ್ನು ತೆಗೆಸಿ, ಇನ್ನು ಬಾಯಿಯಿಂದಲೇ ಓಆರ್‌ಎಸ್ ನೀರು ಕುಡಿಸಿ ನೋಡೋಣ, ಅದು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಡ್ರಿಪ್ಪಿಗೆ ಬೇರೆ ನರ ಹುಡುಕೋಣ ಎಂದರು.

ಕ್ಯಾತಮ್ಮ ಲೋಟಕ್ಕೆ ಕೈ ಅಡ್ಡ ಹಿಡಿದಳು. ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆಂದು ನಿನ್ನೆಯಿಂದ ಆಕೆ ಒಂದು ತೊಟ್ಟೂ ಕೊಡಲು ಬಿಟ್ಟಿರಲಿಲ್ಲ. ದ್ರಾಕ್ಷಾಯಣಮ್ಮ ಗದರಲಿಲ್ಲ. ಪಕ್ಕದಲ್ಲಿ ಕೂತು ಕೇಳಿದಳು: "ಅಜ್ಜಿ, ನಿಮ್ಮ ಕುರಿಮರಿ ಭೇದಿ ಹತ್ತಿ ಉಚ್ಕೊಂಡಾಗ ನೀರು ಕುಡಿಸ್ದೆ ಬುಟ್ಬಿಡ್ತೀರಾ?"

"ಬುಟ್ರೆ ಉಳೀತದಾ ಸಿಸ್ಟ್ರೇ?" ಎಂದಳು ಕ್ಯಾತಮ್ಮ. ಅಡ್ಡ ಹಿಡಿದಿದ್ದ ಕೈ ತಾನಾಗಿ ಕೆಳಗಿಳಿಯಿತು.

ವನಜಾ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಲ್ಲಿ ಕುಡಿಸಿದಳು. ಸ್ವಲ್ಪ ಹೊತ್ತಿಗೇ ಎಲ್ಲ ವಾಂತಿಯಾಯಿತು. ಅವಳು ಚಮಚ ಕೆಳಗಿಟ್ಟುಬಿಟ್ಟಳು. ದ್ರಾಕ್ಷಾಯಣಮ್ಮ ಮಗುವಿನ ಬಾಯಿ ಒರೆಸಿ, ಸ್ವಲ್ಪ ತಡೆದು, ಚಮಚವನ್ನು ಮತ್ತೆ ವನಜಾಳ ಕೈಗೇ ಇಟ್ಟಳು.

"ಇನ್ನೂ ನಿಧಾನಕ್ಕೆ ಕುಡಿಸವ್ವ. ನಾನು ಕೊಟ್ರೆ ಬಾಯೇ ಬಿಡಲ್ಲ, ನಿನ್ ಕೈಲಾದ್ರೆ ಕುಡೀತಾಳೆ."

ಈ ಸಲ ನೀರು ಹೊಟ್ಟೆಯಲ್ಲಿ ನಿಂತಿತು. ಆದರೂ ದ್ರಾಕ್ಷಾಯಣಮ್ಮನಿಗೆ ನೆಮ್ಮದಿಯಿಲ್ಲ. ಹಿಂದಿನ ರಾತ್ರಿಯಿಂದ ಮಗು ಉಚ್ಚೆ ಹೊಯ್ದಿರಲಿಲ್ಲ. ಬಂದು ಬಂದು ಅದರ ಕೆಳಗಿನ ಬಟ್ಟೆ ಮುಟ್ಟಿ ನೋಡುವಳು, ಒಣಗಿಯೇ ಇರುತ್ತಿತ್ತು. ಡ್ಯೂಟಿ ಮುಗಿದರೂ ಮನೆಗೆ ಹೋಗಲು ಮನಸ್ಸಾಗಲಿಲ್ಲ.

ಸಂಜೆ ಬೆಳಕಿರುವಾಗಲೇ ಆ ಮಂಚದ ಕಡೆಯಿಂದ ಬೈಗುಳ ಕೇಳಿತು. ಮಗು ಉಚ್ಚೆ ಹೊಯ್ದು ವನಜಾಳ ಸೀರೆ, ಹಾಸಿಗೆ ಎಲ್ಲವನ್ನೂ ತೋಯಿಸಿಬಿಟ್ಟಿತ್ತು. ಆಸ್ಪತ್ರೆಯವರ ಬಿಳಿ ಹಾಸು ಹೊಲಸಾಯಿತೆಂದು ಕ್ಯಾತಮ್ಮ ನಾಚಿಕೆಯಿಂದ ಮೊಮ್ಮಗಳನ್ನು ಗದರುತ್ತಿದ್ದಳು. ದ್ರಾಕ್ಷಾಯಣಮ್ಮ ಓಡಿಬಂದು ಹಾಸಿಗೆ ಮುಟ್ಟಿದಳು. ಮುಖ ಅರಳಿತು.

"ಬೈಬ್ಯಾಡ್ರಿ ಅಜ್ಜಿ. ಬೆಳಗ್ಗಿಂದ ನಾನು ಕಾಯ್ತಿದ್ದಿದ್ದೇ ಇದಕ್ಕೆ ಕಣ್ರೀ. ಕುಡಿದ ನೀರು ಮೈಗೆ ಹತ್ತೈತೆ."

ವನಜಾ ಒದ್ದೆ ಸೀರೆಯಲ್ಲೇ ಮಗಳನ್ನು ಅವುಚಿಕೊಂಡು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಹೊಸ ಹಾಸು ಹಾಸುವಷ್ಟರಲ್ಲಿ ಮಂಜುಶ್ರೀ ಅನ್ನ ಕೇಳಿದಳು. ದ್ರಾಕ್ಷಾಯಣಮ್ಮ ಮೆತ್ತಗೆ ಕಿವುಚಿದ ಮೊಸರನ್ನ ತಂದುಕೊಟ್ಟಳು. ಆಮೇಲೆ ನಿನ್ನೆಯಿಂದ ಏನೂ ತಿಂದಿರದ ಕ್ಯಾತಮ್ಮನನ್ನು, ಎದುರಿನ ಹೋಟೆಲಿನಲ್ಲಿ ಬಿಸಿಮುದ್ದೆ ಸಿಗುತ್ತದೆ, ಉಂಡು ಬನ್ನಿ ಎಂದು ತಾನೇ ಬಾಗಿಲವರೆಗೆ ಕರೆದುಕೊಂಡು ಹೋದಳು.