ಹಂಪಕ್ಕನ ಪಕ್ಕದ ಜಾಗ

ಬೆಳುಗುಪ್ಪದ ಕಡೆಯ ನಮ್ಮೂರಿಂದ ರಾಯದುರ್ಗದ ಜೀನ್ಸ್ ಹೊಲಿಗೆಗೆ ಹೋಗುವ ಆಟೋದಲ್ಲಿ ಒಂದು ಕಟ್ಟಳೆ ಇದೆ. ಮೇಲಿನ ಓಣಿಯವರು ಒಬ್ಬರು ಕೂತರೆ ಪಕ್ಕದಲ್ಲಿ ಕೆಳಗಿನ ಓಣಿಯವರೇ ಕೂರಬೇಕು. ಆಟೋ ವಾಲದಿರಲಿ ಅಂತ ಹೀಗೆ ಎಂದು ಹೊಸ ಹುಡುಗಿಯರು ತಿಳಿದಿದ್ದಾರೆ. ತಿಳಿದುಕೊಳ್ಳಲಿ ಬಿಡಿ.

ನಿಜ ಗೊತ್ತಿರುವುದು ಕೆಳಗಿನ ಓಣಿಯ ನಮ್ಮ ಹಂಪಕ್ಕನಿಗೆ. ಇಪ್ಪತ್ತು ವರ್ಷದ ಹಿಂದೆ ಎರಡು ಓಣಿಗಳ ಹಗೆಯಲ್ಲಿ ಮೂರು ಹೆಣ ಬಿದ್ದಿದ್ದವು. ಅದರಲ್ಲಿ ಒಂದು ಅವಳ ಗಂಡನದು. ಆಮೇಲೆ ಅಧಿಕಾರಿಗಳು ಶಾಂತಿ ಪಾದಯಾತ್ರೆ ಮಾಡಿಸಿದರು. ಒಂದೇ ಕಡೆಯವರು ಗುಂಪಾದರೆ ಎಲ್ಲಿ ಕಲ್ಲು ತೂರುತ್ತಾರೋ ಎಂದು, ಒಬ್ಬರು ಬಿಟ್ಟು ಒಬ್ಬರನ್ನು ನಿಲ್ಲಿಸಿ ಕೈ ಹಿಡಿಸಿದರು. ಹಂಪಕ್ಕನಿಗೆ ಸಿಕ್ಕಿದ್ದು ಮೇಲಿನ ಓಣಿಯ ಬಸವರಾಜೇಶ್ವರಿಯ ಕೈ. ಅದೇ ಹಗೆಯಲ್ಲಿ ಬಸವರಾಜೇಶ್ವರಿಯ ಮೈದುನನೂ ಸತ್ತಿದ್ದ. ಇಬ್ಬರೂ ಎಂಟು ಮೈಲಿ ನಡೆದರು. ಕೈ ಬೆವೆತು ಜಾರಿದಾಗಲೆಲ್ಲ ಸೆರಗಿಗೆ ಒರೆಸಿಕೊಂಡು ಮತ್ತೆ ಹಿಡಿದರು. ಅವತ್ತಿನ ಭಾಷಣ ಯಾರಿಗೂ ನೆನಪಿಲ್ಲ. ಊರ ಮುಂದೆ ನೆಟ್ಟ ಶಾಂತಿಯ ಕಲ್ಲಿಗೆ ಈಗ ಎಮ್ಮೆ ಕಟ್ಟುತ್ತಾರೆ. ಆದರೆ ಜೀನ್ಸ್ ಕೆಲಸ ಬಂದು ಆಟೋ ಓಡತೊಡಗಿದಾಗ, ಜನ ಯಾರೂ ಹೇಳದೆ ಅದೇ ಕ್ರಮದಲ್ಲಿ ಕೂತರು.

ಹೋದ ವರ್ಷ ಬೋರಿನ ಪೈಪಿನ ಜಗಳದಲ್ಲಿ ಕೆಳಗಿನ ಓಣಿಯವರು ಬಸವರಾಜೇಶ್ವರಿಯ ಮಗನ ತಲೆ ಒಡೆದರು. ಮಾರನೆಯ ಬೆಳಿಗ್ಗೆ ನಾವೆಲ್ಲ ರಸ್ತೆಯ ಆಚೆಗೊಂದು ಗುಂಪು, ಈಚೆಗೊಂದು ಗುಂಪಾಗಿ ನಿಂತೆವು, ನಾಚಿಕೆಯಿಲ್ಲದೆ. ಹಂಪಕ್ಕನ ಮಗಳು ರಾಧಾ, "ಅವ್ವ, ನಾವು ಬ್ಯಾರೆ ಆಟೋ ಮಾಡ್ಕೊಂಡು ಹೋಗಾಣ" ಅಂದಳು.

ಇವತ್ತು ಬೇರೆ ಆಟೋ, ನಾಳೆ ಬೇರೆ ನಲ್ಲಿ, ಅದರ ಮುಂದಿನದನ್ನು ಹಂಪಕ್ಕ ಕಣ್ಣಾರೆ ಕಂಡವಳು. ಆಟೋ ಹತ್ತಿ ಕೂತು, ಪಕ್ಕದಲ್ಲಿ ಊಟದ ಡಬ್ಬಿ ಇಟ್ಟಳು. ರಾಧಾ ಅಲ್ಲಿ ಕೂರಲು ಹೋದರೆ, "ಅದು ನಿನ್ನ ಜಾಗ ಅಲ್ಲ" ಅಂದಳು.

"ಅಕ್ಕಾರ, ಟೈಮ್ ಆತ್ರಿ" ಅಂದ ಡ್ರೈವರ್ ಜಗದೀಶ.

"ಆಗ್ಲಿ."

ತುಂಬಾ ಹೊತ್ತು ಕಾದೆವು. ಕೊನೆಗೆ ರಸ್ತೆ ದಾಟಿ ಬಂದವಳು ಬಸವರಾಜೇಶ್ವರಿ.

"ಹೆಂಗದಾನ ಮಗ?" ಹಂಪಕ್ಕ ಕೇಳಿದಳು.

"ಆರು ಹೊಲಿಗಿ ಹಾಕ್ಯಾರ. ಗಂಜಿ ಕುಡ್ದ. ಸೊಸಿ ನೋಡ್ಕೊಂತಾಳ."

ಹಂಪಕ್ಕ ಡಬ್ಬಿ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಬಸವರಾಜೇಶ್ವರಿ ಕೂತು, ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಅವಳ ಕೈ ಹಿಡಿದಳು.

ಅವಳ ಹಿಂದೆ ನಾವೂ ಒಬ್ಬರು ಬಿಟ್ಟು ಒಬ್ಬರು ಹತ್ತಿದೆವು. ರಾಧಾ ಮುಖ ಊದಿಸಿಕೊಂಡು ಮೇಲಿನ ಓಣಿಯ ಇಬ್ಬರ ನಡುವೆ ಕೂತಳು. ಅರ್ಧ ದಾರಿಯಲ್ಲಿ ಅವರ ಹರಟೆಗೆ ಸೇರಿಕೊಂಡಳು. ಹಂಪಕ್ಕ ಮಾತ್ರ ರಾಯದುರ್ಗ ಬರುವ ತನಕ ಆ ಕೈ ಬಿಡಲಿಲ್ಲ.