ಗೇಟಿನ ಕಾರ್ಡು ಮತ್ತು ಕಂಚಿನ ಮೇಷ್ಟ್ರು

ಕಂಚಿನ ಮೇಷ್ಟ್ರು ಮೂರನೆಯ ತರಗತಿಯಲ್ಲಿ ಹಾಜರಿ ಕರೆದರೆ ಮಹಡಿಯ ಮೇಲಿನ ಏಳನೆಯ ತರಗತಿಯವರು ಬೆಚ್ಚಿ ಎದ್ದು ನಿಲ್ಲುತ್ತಿದ್ದರು. ಆ ಕಂಠದಿಂದಲೇ ಅವರಿಗೆ ಆ ಹೆಸರು. ಇಪ್ಪತ್ತಾರು ವರ್ಷ ಗಂಟಲನ್ನೇ ನಂಬಿ ಪಾಠ ಮಾಡಿದ ಮನುಷ್ಯ. ಮನಸ್ಸು ಮಾತ್ರ ಬೆಣ್ಣೆ.

ಆ ವರ್ಷ ಅವರ ತರಗತಿಗೆ ಎಂಟು ವರ್ಷದ ಹುಡುಗಿಯೊಬ್ಬಳು ಬಂದಳು. ಮನೆಯವರು ಗುಬ್ಬಿ ಎನ್ನುತ್ತಿದ್ದರು, ಶಾಲೆಯಲ್ಲೂ ಅದೇ ಉಳಿಯಿತು. ಆಟಿಸಂ ಇರುವ ಮಗು. ಮಾತು ಬಲು ಕಡಿಮೆ, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು. ಮೊದಲ ದಿನ ಮೇಷ್ಟ್ರು ಹಾಜರಿ ಕರೆದದ್ದೇ ತಡ, ಎರಡೂ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರಿಕೊಂಡಳು. ತಿಂಗಳೊಳಗೆ ಎರಡು ಸಲ ತರಗತಿ ಬಿಟ್ಟು ಓಡಿದಳು. ಎರಡನೆಯ ಸಲ ಸಿಕ್ಕಿದ್ದು ಗೇಟಿನ ಬಳಿ. ಗೇಟಿನಾಚೆ ಬಸ್ಸುಗಳ ರಸ್ತೆ. ಅಂದಿನಿಂದ ಮೇಷ್ಟ್ರಿಗೆ ಕಪ್ಪುಹಲಗೆಯ ಕಡೆ ತಿರುಗಲೂ ಭಯ.

ಮುಖ್ಯೋಪಾಧ್ಯಾಯಿನಿ ಕರೆದು ಹೇಳಿದರು: “ಇನ್ನೊಂದು ಸಲ ಹೊರಗೆ ಓಡಿದ್ರೆ ಆಡಳಿತ ಮಂಡಳಿಯವರು ಆ ಮಗೂನ ಇಟ್ಕೊಳ್ಳಲ್ಲ ಮೇಷ್ಟ್ರೇ. ಇಂಥ ಮಕ್ಕಳಿಗೆ ಕಲಿಸೋರಿಗೆ ಮೂರು ದಿನದ ತರಬೇತಿ ಇದೆ, ಹೋಗಿ ಬನ್ನಿ.”

“ಈ ವಯಸ್ಸಲ್ಲಿ ನನ್ನ ಮತ್ತೆ ಬೆಂಚ್ ಮೇಲೆ ಕೂರಿಸ್ತೀರಾ ಮೇಡಂ?”

“ಬೆಂಚ್ ಮೇಲೆ ನಿಲ್ಲಿಸ್ತಿಲ್ವಲ್ಲ, ಸಂತೋಷಪಡಿ.”

ತರಬೇತಿ ಕೊಟ್ಟವಳು ಅವರ ಮಗಳ ವಯಸ್ಸಿನವಳು. ಮೊದಲ ದಿನವೇ ಮೇಷ್ಟ್ರ ಕಿವಿಗೆ ಹೆಡ್‌ಫೋನ್ ಹಾಕಿ, ಗಂಟೆ, ಫ್ಯಾನು, ಕುರ್ಚಿ ಎಳೆಯುವ ಸದ್ದು, ಅದರ ಮೇಲೊಂದು ಗಡಸು ಗಂಡುದನಿ ಎಲ್ಲವನ್ನೂ ಒಟ್ಟಿಗೆ ಕೇಳಿಸಿ, ಒಂದು ಕಳೆಯುವ ಲೆಕ್ಕ ಕೊಟ್ಟಳು. ಮೇಷ್ಟ್ರಿಗೆ ಲೆಕ್ಕ ಬರಲಿಲ್ಲ. ಗುಬ್ಬಿಯ ಕಿವಿಯಲ್ಲಿ ಆ ಗಡಸು ದನಿ ತನ್ನದೇ ಎಂದು ತಿಳಿದಾಗ ಮಧ್ಯಾಹ್ನದ ಊಟ ಇಳಿಯಲಿಲ್ಲ. ಎರಡನೆಯ ದಿನ ಚಿತ್ರದ ಕಾರ್ಡುಗಳ ಪಾಠ: ದಿನದ ಕೆಲಸಗಳನ್ನು ಚಿತ್ರವಾಗಿ ಸಾಲಾಗಿ ಅಂಟಿಸಿದರೆ ಮುಂದೇನೆಂದು ಮಗುವಿಗೆ ಗೊತ್ತಿರುತ್ತದೆ, ಹೆದರಿಕೆ ತಗ್ಗುತ್ತದೆ. ಮೂರನೆಯ ದಿನ ಮಧ್ಯಾಹ್ನ ‘ದಿನಚರಿ ತಪ್ಪಿದಾಗ’ ಎಂಬ ಪಾಠವಿತ್ತು. ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ನೆನಪಾಗಿ ಮೇಷ್ಟ್ರು ಊಟ ಮುಗಿಸಿ ಎದ್ದು ಬಂದುಬಿಟ್ಟರು. ಟಿಪ್ಪಣಿ ಓದಿಕೊಂಡರಾಯಿತು ಎಂದುಕೊಂಡವರು ಅದನ್ನೂ ಓದಲಿಲ್ಲ.

ಕಾರ್ಡುಗಳು ಕೆಲಸ ಮಾಡಿದವು. ಲೆಕ್ಕ, ಕಥೆ, ತಿಂಡಿ, ಆಟ, ಕೊನೆಗೆ ಮನೆಗೆ ಹೊರಡುವ ಗೇಟು. ಮೇಷ್ಟ್ರು ದನಿ ತಗ್ಗಿಸಿದರು. ಮಕ್ಕಳು ಗಂಟಲು ಕೆಟ್ಟಿದೆಯೆಂದು ಬಿಸಿನೀರು ತಂದುಕೊಟ್ಟರು. ಗುಬ್ಬಿ ಐದು ವಾರ ಓಡಲಿಲ್ಲ.

ಆಮೇಲೆ ಬಂತು ಬೆಂಕಿ ಬಿದ್ದರೆ ಹೊರಗೋಡುವ ಅಭ್ಯಾಸದ ದಿನ. ಹತ್ತೂವರೆಗೆ ಸೈರನ್ ಆಗುತ್ತದೆ, ಎಲ್ಲರೂ ಗೇಟಿನ ಬಳಿ ಸೇರಬೇಕು. ಮೇಷ್ಟ್ರು ಜೋಪಾನವಾಗಿ ಗುಬ್ಬಿಗೆ ಸದ್ದು ತಡೆಯುವ, ಹೆಡ್‌ಫೋನಿನಂಥ ಕಿವಿಕವಚ ಹಾಕಿದರು. ಅಭ್ಯಾಸಕ್ಕೆಂದು ಕಾರ್ಡು ಇರಲಿಲ್ಲ. ಹೇಗೂ ಹೋಗುವುದು ಗೇಟಿಗೆ ತಾನೆ ಎಂದು ಉಳಿದ ಕಾರ್ಡುಗಳನ್ನೆಲ್ಲ ಕಿತ್ತು ಗೇಟಿನ ಕಾರ್ಡೊಂದನ್ನೇ ಅಂಟಿಸಿದರು.

ಸೈರನ್ ಆಯಿತು. ಗೇಟಿನ ಬಳಿ ತಲೆ ಎಣಿಸಿದರು. ನಲವತ್ತಿರಬೇಕಾದಲ್ಲಿ ಮೂವತ್ತೊಂಬತ್ತು. ಮತ್ತೆ ಎಣಿಸಿದರು. ನಿಯಮದಂತೆ ಗೇಟು ಹಾರುಹೊಡೆದಿತ್ತು.

“ಗುಬ್ಬೀ!” ಎಂದು ಕಾವಲುಗಾರ ಕೂಗುತ್ತ ಓಡಿದ. ವ್ಯಾಯಾಮದ ಮೇಷ್ಟ್ರು ಸೀಟಿ ಊದಿದರು. ಕಂಚಿನ ಮೇಷ್ಟ್ರಿಗೆ ತಾವು ಅಂಟಿಸಿದ ಕಾರ್ಡು ನೆನಪಾಯಿತು. ಗೇಟು. ಗೇಟಾದ ಮೇಲೆ ಏನು? ಅಮ್ಮ. ಕರೆದೊಯ್ಯಲು ಬರುವ ಅಮ್ಮ ದಿನವೂ ನಿಲ್ಲುವುದು ಗಲಾಟೆಯಿಲ್ಲದ ಕಡೆ, ರಸ್ತೆಯಾಚೆ ದರ್ಜಿಯ ಅಂಗಡಿ ಮುಂದೆ.

ಎರಡು ಬಸ್ಸುಗಳ ನಡುವಿನ ಸಂದಿಯಲ್ಲಿ ಅವಳು ಕಂಡಳು. ಕಿವಿಕವಚ ಕೊರಳಿಗೆ ಜಾರಿದೆ. ಅಮ್ಮನಿಲ್ಲದ ಜಾಗ ನೋಡಿ ಗಾಬರಿಯಲ್ಲಿ ರೆಕ್ಕೆಯಂತೆ ಕೈ ಬಡಿಯುತ್ತ ಒಂದು ಹೆಜ್ಜೆ ರಸ್ತೆಗಿಳಿಯುತ್ತಾಳೆ, ಹಿಂದೆ ಸರಿಯುತ್ತಾಳೆ. ಮತ್ತೆ ಇಳಿಯುತ್ತಾಳೆ. ಕಾವಲುಗಾರ ಅವಳನ್ನು ಕಂಡು ಬಾಯಿ ತೆರೆದ. ಮೇಷ್ಟ್ರು ಅಂಗೈಯಿಂದ ಅವನ ಬಾಯಿ ಒತ್ತಿಹಿಡಿದರು.

“ಉಸಿರೆತ್ತಬೇಡಪ್ಪಾ. ಬೆಚ್ಚಿದ್ರೆ ಬಸ್ಸಿನ ಕೆಳಗೇ ಹೋಗ್ತಾಳೆ.”

ಇಪ್ಪತ್ತು ಹೆಜ್ಜೆಯ ರಸ್ತೆ. ಓಡುವಂತಿಲ್ಲ, ಕರೆಯುವಂತಿಲ್ಲ. ಅವಳ ಕಾಲನ್ನೇ ನೋಡುತ್ತ ದಾಟಿದರು. ಅವಳಿಗೂ ರಸ್ತೆಗೂ ನಡುವೆ, ಒಂದು ಮಾರು ದೂರದಲ್ಲಿ ಕುಕ್ಕರಿಸಿದರು.

“ಏನ್ ಸಾರ್ ಇದು? ಎಷ್ಟು ಕರೆದ್ರೂ ಮಾತೇ ಆಡ್ತಿಲ್ಲ ಮಗು,” ಎಂದ ದರ್ಜಿ.

“ನೀವು ಹೊಲೀತಾ ಇರಿ, ಮೆಷಿನ್ ನಿಲ್ಲಿಸ್ಬೇಡಿ.”

ಜೇಬಿನ ಸೀಮೆಸುಣ್ಣ ತೆಗೆದು ಅಂಗಡಿ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಗೇಟಿನ ಚಿತ್ರ ಬರೆದರು, ಅಡ್ಡಗೀಟು ಹಾಕಿದರು. ಆಮೇಲೆ ಲೆಕ್ಕ, ಕಥೆ, ತಿಂಡಿ, ಆಟ. ಕೊನೆಯಲ್ಲಿ ಮತ್ತೆ ಗೇಟು, ಪಕ್ಕದಲ್ಲಿ ಅಮ್ಮ. ಗುಬ್ಬಿ ಬಹಳ ಹೊತ್ತು ನೋಡಿದಳು. ಕೈ ಬಡಿಯುವುದು ನಿಂತಿತು. ಅವರ ಮುಖ ನೋಡದೆ ಅಂಗಿಯ ತೋಳಂಚನ್ನು ಎರಡು ಬೆರಳಲ್ಲಿ ಹಿಡಿದಳು.

ಕಚೇರಿಯಲ್ಲಿ ಮುಖ್ಯೋಪಾಧ್ಯಾಯಿನಿ ವರದಿಯ ಹಾಳೆ ತೆರೆದರು. “ಮಗು ಓಡಿಹೋಯ್ತು ಅಂತ ಬರೀಲೇಬೇಕು ಮೇಷ್ಟ್ರೇ.”

“ಓಡಿಲ್ಲ ಮೇಡಂ. ನಾನೇ ಕಳಿಸಿದ್ದು.”

“ತಲೆ ನೆಟ್ಟಗಿದೆಯಾ?”

ಮೇಷ್ಟ್ರು ಕಾರ್ಡಿನ ಕಥೆಯನ್ನೂ ಅರ್ಧಕ್ಕೆ ಬಿಟ್ಟ ತರಬೇತಿಯನ್ನೂ ಹೇಳಿದರು. ಆಕೆ ಪೆನ್ನು ಕೆಳಗಿಟ್ಟರು. “ನಿವೃತ್ತಿಗೆ ಎರಡೇ ವರ್ಷ ಇದೆ. ಇದನ್ನ ಬರೆದುಕೊಟ್ರೆ ಪೂರ್ತಿ ನಿಮ್ಮ ತಲೆ ಮೇಲೇ ಬರುತ್ತೆ.”

ಮೇಷ್ಟ್ರು ಕಾಗದ ಎಳೆದುಕೊಂಡು ಬರೆದರು.

ಮರುದಿನ ಸಂಜೆ ಮಂಡಳಿಯ ಸಭೆ. ಮುಚ್ಚಿದ ಬಾಗಿಲ ಹೊರಗೆ ಮೇಷ್ಟ್ರು, ಗುಬ್ಬಿಯ ತಾಯಿ. ಒಳಗೆ ಕುರ್ಚಿ ಸರಿದಾಗಲೆಲ್ಲ ಇಬ್ಬರೂ ತಲೆಯೆತ್ತುತ್ತಿದ್ದರು.

“ನೀವು ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಸಾರ್,” ಎಂದಳು ಆಕೆ.

“ಅವಳಿಗೆ ಗೊತ್ತಿತ್ತಲ್ಲಮ್ಮಾ.”

ಬಾಗಿಲು ತೆರೆಯಿತು. “ಮಗು ಇಲ್ಲೇ ಓದ್ತಾಳೆ,” ಎಂದರು ಮುಖ್ಯೋಪಾಧ್ಯಾಯಿನಿ. ತಾಯಿ ಗೋಡೆಗೆ ಒರಗಿದಳು. “ನಿಮ್ಮದು ಇನ್ನೂ ತೀರ್ಮಾನ ಆಗಿಲ್ಲ ಮೇಷ್ಟ್ರೇ, ನೋಟಿಸ್ ಬರುತ್ತೆ. ಸೋಮವಾರದಿಂದ ಮತ್ತೆ ಅದೇ ತರಬೇತಿ ಇದೆ. ಈ ಸಲ ಮೂರನೇ ದಿನ ಸಂಜೆವರೆಗೂ ಕೂತು ಬರ್ಬೇಕು.”

“ಕೂರ್ತೀನಿ ಮೇಡಂ. ಕಾವಲುಗಾರನ್ನೂ ಕಳಿಸಿಕೊಡಿ. ಯಾವಾಗ ಕೂಗ್ಬಾರ್ದು ಅಂತ ಅವನೂ ಕಲೀಲಿ.”

“ಗೇಟ್ ಯಾರು ಕಾಯ್ತಾರೆ, ನಾನಾ?”

“ಮೂರೇ ದಿನ ಅಲ್ವಾ,” ಎಂದರು ಮೇಷ್ಟ್ರು. ದನಿ ಅವರಿಗೇ ಕೇಳಿಸದಷ್ಟು ಸಣ್ಣಗಿತ್ತು.